ಮೂರು ಅಂಕ ಕಡಿಮೆ ಬಂದ ಸರ್ಕಾರಿ ಶಾಲೆಯ ಹುಡುಗ: ಜ್ಯಾಕ್ ಕಿಲ್ಬಿ ಬಗ್ಗೆ ಒಂದು ಚರ್ಚೆ

ಬೆಸುಗೆಕಡ್ಡಿ (ಚರ್ಚೆ ಆರಂಭಿಸಿದವರು)

ಸಿಇಟಿ ರ‍್ಯಾಂಕ್ ಪಟ್ಟಿ ಹೊರಬಿದ್ದಾಗಿನಿಂದ ಇಲ್ಲಿ ಒಂದೇ ರಾಗ: ಯಾವ ಕಾಲೇಜು, ಯಾವ ವಿಭಾಗ, ಕಟ್ ಆಫ್ ಎಷ್ಟು. ಅಂಕ ಕಡಿಮೆ ಬಂದ ಮಕ್ಕಳ ತಂದೆತಾಯಿಯರು ಸೂತಕದ ಮನೆಯವರಂತೆ ಬರೆಯುತ್ತಿದ್ದಾರೆ. ಅದಕ್ಕೇ ಮೂರೇ ಮೂರು ಅಂಕ ಸಾಲದೆ ಬಯಸಿದ ಕಾಲೇಜು ಕೈತಪ್ಪಿದ ಒಬ್ಬರ ವಿಷಯವನ್ನು ಚರ್ಚೆಗೆ ಇಡುತ್ತಿದ್ದೇನೆ. ಅವರ ಹೆಸರು ಜ್ಯಾಕ್ ಕಿಲ್ಬಿ. ನೀವು ಇದನ್ನು ಓದುತ್ತಿರುವ ಮೊಬೈಲಿನ ಚಿಪ್‌ಗೆ ಮೂಲಪುರುಷರು ಎನ್ನಬಹುದಾದ ಇಬ್ಬರಲ್ಲಿ ಒಬ್ಬರು.

1923ರಲ್ಲಿ ಹುಟ್ಟಿದರು. ಬೆಳೆದದ್ದು ಅಮೆರಿಕದ ಕಾನ್ಸಾಸ್ ರಾಜ್ಯದ ಗ್ರೇಟ್ ಬೆಂಡ್ ಎಂಬ ಸಣ್ಣ ಊರಿನಲ್ಲಿ, ಓದಿದ್ದು ಅದೇ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ. ತಂದೆ ಪಶ್ಚಿಮ ಕಾನ್ಸಾಸ್‌ನ ಚದುರಿದ ಊರುಗಳಿಗೆ ಕರೆಂಟು ಕೊಡುವ ಒಂದು ಸಣ್ಣ ವಿದ್ಯುತ್ ಕಂಪನಿಯನ್ನು ನಡೆಸುತ್ತಿದ್ದರು. ಕಿಲ್ಬಿ ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಭಾರಿ ಹಿಮಪಾತವಾಗಿ ವಿದ್ಯುತ್ ತಂತಿ, ಟೆಲಿಫೋನ್ ತಂತಿ ಎಲ್ಲವೂ ನೆಲ ಕಚ್ಚಿದವು. ಎಲ್ಲಿ ಏನಾಗಿದೆ ಎಂದು ತಿಳಿಯಲು ತಂದೆ ಹವ್ಯಾಸಿ ರೇಡಿಯೊದವರ ನೆರವು ಪಡೆದರು. ಹುಡುಗನಿಗೆ ಹುಚ್ಚು ಹಿಡಿದದ್ದು ಆಗ. ತಾನೂ ರೇಡಿಯೊ ಕಟ್ಟಿದ, ಪರೀಕ್ಷೆ ಬರೆದು ಡಬ್ಲ್ಯು 9 ಜಿಟಿವೈ ಎಂಬ ಕರೆ ಸಂಕೇತವನ್ನೂ ಪಡೆದ.

1941ರಲ್ಲಿ ಅಮೆರಿಕದ ಹೆಸರಾಂತ ತಾಂತ್ರಿಕ ವಿದ್ಯಾಲಯ ಎಂಐಟಿಯ ಪ್ರವೇಶ ಪರೀಕ್ಷೆ ಬರೆದ. ಬೇಕಾಗಿದ್ದದ್ದು 500 ಅಂಕ, ಬಂದದ್ದು 497.

ಕೊನೆಗೆ ರಾಜ್ಯ ಸರ್ಕಾರದ ಇಲಿನಾಯ್ ವಿಶ್ವವಿದ್ಯಾಲಯ ಸೇರಿದರು. ಕೆಲವೇ ತಿಂಗಳಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ಆಯಿತು, ಸೇನೆಗೆ ಹೋದರು, ಯುದ್ಧ ಮುಗಿಸಿ ಬಂದು 1947ರಲ್ಲಿ ಪದವಿ ಪಡೆದರು. ಆ ವರ್ಷದ ಡಿಸೆಂಬರ್‌ನಲ್ಲಿ ಬೆಲ್ ಪ್ರಯೋಗಾಲಯದಲ್ಲಿ, ಹಳೆಯ ರೇಡಿಯೊಗಳ ಗಾಜಿನ ನಿರ್ವಾತ ಕವಾಟಗಳ ಜಾಗಕ್ಕೆ ಬಂದ ಟ್ರಾನ್ಸಿಸ್ಟರ್ ಹುಟ್ಟಿತು. ಅಂದರೆ ಕಾಲೇಜಿನಲ್ಲಿ ಕಷ್ಟಪಟ್ಟು ಕಲಿತ ನಿರ್ವಾತ ಕವಾಟಗಳ ವಿದ್ಯೆ ಪದವಿ ಪತ್ರದ ಮಸಿ ಆರುವ ಮೊದಲೇ ಹಳತಾಯಿತು. ಕೆಲಸ ಕೊಟ್ಟದ್ದು ಒಂದೇ ಒಂದು ಕಂಪನಿ, ಮಿಲ್ವಾಕಿಯ ಸೆಂಟ್ರಲ್ಯಾಬ್. ರೇಡಿಯೊ, ಟಿವಿ, ಶ್ರವಣ ಯಂತ್ರಗಳಿಗೆ ಬಿಡಿಭಾಗ ಮಾಡುವ ಕಾರ್ಖಾನೆ. ಅಲ್ಲಿಯೇ ಹತ್ತಕ್ಕೂ ಹೆಚ್ಚು ವರ್ಷ ಕಳೆದರು. ಹಗಲು ಕೆಲಸ, ಸಂಜೆ ತರಗತಿ. 1950ರಲ್ಲಿ ಸ್ನಾತಕೋತ್ತರ ಪದವಿ.

1958ರ ಮೇ ತಿಂಗಳಲ್ಲಿ ಡಲ್ಲಾಸ್‌ನ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸೇರಿದಾಗ ಅವರಿಗೆ 34 ವರ್ಷ. ಅಲ್ಲಿಯವರೆಗೆ ಅವರ ಹೆಸರನ್ನು ಕೇಳಿದವರು ಬಹಳ ಕಡಿಮೆ. ನಾಲ್ಕು ತಿಂಗಳ ನಂತರ, ಸೆಪ್ಟೆಂಬರ್ 12ರಂದು, ಜಗತ್ತಿನ ಮೊದಲ ಇಂಟಿಗ್ರೇಟೆಡ್ ಸರ್ಕ್ಯೂಟ್, ಅಂದರೆ ಎಲ್ಲ ಬಿಡಿಭಾಗಗಳೂ ಒಂದೇ ತುಂಡಿನಲ್ಲಿರುವ ಚಿಪ್, ಅವರ ಮೇಜಿನ ಮೇಲೆ ಕೆಲಸ ಮಾಡಿತು. 2000ದಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ನನ್ನ ವಾದ ಇಷ್ಟೇ. ಅವರನ್ನು ರೂಪಿಸಿದ್ದು ಎಂಐಟಿಯೂ ಅಲ್ಲ, ನೊಬೆಲ್ ಮಟ್ಟದ ಗುರುಗಳೂ ಅಲ್ಲ. ಸೆಂಟ್ರಲ್ಯಾಬ್‌ನಲ್ಲಿ ಒಂದೊಂದು ಬಿಡಿಭಾಗದಲ್ಲಿ ಒಂದೊಂದು ಸೆಂಟ್ ಉಳಿಸಲು ಒದ್ದಾಡಿದ ಆ ವರ್ಷಗಳೇ ಅವರ ನಿಜವಾದ ವಿದ್ಯಾಲಯ. ಒಪ್ಪುವವರು, ಒಪ್ಪದವರು ಇಬ್ಬರೂ ಬರೆಯಿರಿ.

ನೇರಮಾತು

ಕಥೆ ಚೆನ್ನಾಗಿದೆ. ಆದರೆ ಈ ಮಾದರಿಯ ಕಥೆಗಳು ಕಹಿಯನ್ನು ಮುಚ್ಚಿ ಸಿಹಿಯನ್ನಷ್ಟೇ ಬಡಿಸುತ್ತವೆ. ತಂದೆ ವಿದ್ಯುತ್ ಕಂಪನಿಯ ಮುಖ್ಯಸ್ಥ, ಎಂಜಿನಿಯರ್. ತಂದೆತಾಯಿ ಓದಿದ್ದೂ ಅದೇ ಇಲಿನಾಯ್‌ನಲ್ಲಿ ಎಂದು ಓದಿದ್ದೇನೆ. ಮನೆಯಲ್ಲಿ ತಂತಿ, ಮೀಟರು, ಟ್ರಾನ್ಸ್‌ಫಾರ್ಮರುಗಳದ್ದೇ ಮಾತು. ಇಂಥ ಹುಡುಗನನ್ನು "ಸರ್ಕಾರಿ ಶಾಲೆಯ ಹುಡುಗ" ಎಂದು ಕರೆದು ಇಲ್ಲಿ ಹಾಕಿದರೆ, ಓದುವವರ ಕಣ್ಣಿಗೆ ಬರುವುದು ಸೋರುವ ಸೂರಿನ ಕೆಳಗೆ ಕೂತ ನಮ್ಮ ಮಕ್ಕಳು. ಎರಡಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಡಲ್ಲಾಸ್ ಕನ್ನಡತಿ

ನೇರಮಾತು ಅವರೇ, ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧ ಹೀಗಿದೆ. ಗ್ರೇಟ್ ಬೆಂಡ್‌ನಂಥ ಊರಿನಲ್ಲಿ ವಿದ್ಯುತ್ ಕಂಪನಿಯ ಮುಖ್ಯಸ್ಥರ ಮಗನೂ ಗೋಧಿ ಹೊಲದ ಕೂಲಿಯವನ ಮಗನೂ ಒಂದೇ ಹೈಸ್ಕೂಲಿಗೆ ಹೋಗುತ್ತಿದ್ದರು. ನನಗೆ ಈ ಕಥೆಯಲ್ಲಿ ಮುಖ್ಯವಾಗಿ ಕಾಣುವುದು ಇದೇ. ಊರಿನ ದೊಡ್ಡವರ ಮಕ್ಕಳು ಓದುವ ಶಾಲೆಯ ಸೂರು ಸೋರುವುದಿಲ್ಲ.

ಇಲ್ಲಿ ಸರ್ಕಾರಿ ಶಾಲೆಗೆ ದುಡ್ಡಿನ ದೊಡ್ಡ ಪಾಲು ಬರುವುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ ಕಾರಣ ಮನೆ ತೆರಿಗೆ ಬೆನ್ನು ಮುರಿಯುವಷ್ಟಿದೆ, ಪ್ರತಿ ವರ್ಷ ಗೊಣಗುತ್ತಲೇ ಕಟ್ಟುತ್ತೇವೆ. ನಮ್ಮ ಮಕ್ಕಳು ಓದುತ್ತಿರುವುದು ಅಂಥ ಶಾಲೆಯಲ್ಲಿಯೇ. ಬೀದಿಯಲ್ಲಿರುವ ಕನ್ನಡದ ಮನೆಗಳೆಲ್ಲ ಹಾಗೆಯೇ. ಇದಕ್ಕೆ ಇನ್ನೊಂದು ಮುಖವೂ ಇದೆ ಎನ್ನುವುದನ್ನು ಮರೆಮಾಚುವುದಿಲ್ಲ. ಶ್ರೀಮಂತ ಬಡಾವಣೆಯ ಶಾಲೆ ಶ್ರೀಮಂತವಾಗಿರುತ್ತದೆ, ಬಡ ಬಡಾವಣೆಯದು ಬಡವಾಗಿಯೇ ಉಳಿಯುತ್ತದೆ. ಕಿಲ್ಬಿ ಓದಿದ ಕಾಲದಲ್ಲಿ ಹಲವು ರಾಜ್ಯಗಳಲ್ಲಿ ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದೇ ಕಾನೂನಾಗಿತ್ತು. ಅದನ್ನು ಸುಪ್ರೀಂ ಕೋರ್ಟ್ ತಪ್ಪೆಂದು ಹೇಳಿದ್ದು 1954ರಲ್ಲಿ, ಅದೂ ಕಾನ್ಸಾಸ್‌ನ ಟೊಪೀಕಾ ಊರಿನ ಮೊಕದ್ದಮೆಯಲ್ಲಿ.

ಹಿಂದಿನ ಬೆಂಚು

ನಾನು ಎಲೆಕ್ಟ್ರಾನಿಕ್ಸ್ ಎರಡನೇ ವರ್ಷ. ಕಿಲ್ಬಿ ಹೆಸರು ನಮಗೆ ಒಂದು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತು. ಬೆಸುಗೆಕಡ್ಡಿ ಸರ್, ಅವರು ನಿಜಕ್ಕೂ ಮಾಡಿದ್ದೇನು? ಎಲ್ಲವನ್ನೂ ಒಂದೇ ತುಂಡಿನಲ್ಲಿ ಮಾಡುವುದು ಈಗ ನೋಡಿದರೆ ಯಾರಿಗಾದರೂ ಹೊಳೆಯಬಹುದಾದ ವಿಚಾರ ಅಲ್ಲವೇ?

ಬೆಸುಗೆಕಡ್ಡಿ

ಒಳ್ಳೆಯ ಪ್ರಶ್ನೆ ತಮ್ಮಾ. ಈಗ ಹೊಳೆಯುವುದು ಆಗ ಏಕೆ ಹೆಚ್ಚಿನವರಿಗೆ ಹೊಳೆಯಲಿಲ್ಲ ಎನ್ನುವುದಕ್ಕೆ ಕಾರಣ ದಡ್ಡತನವಲ್ಲ, ಲೆಕ್ಕಾಚಾರ.

1950ರ ದಶಕದ ಕೊನೆಗೆ ಎಂಜಿನಿಯರುಗಳು ಸಾವಿರಾರು ಟ್ರಾನ್ಸಿಸ್ಟರುಗಳ ಯಂತ್ರಗಳನ್ನು ಕಾಗದದ ಮೇಲೆ ಬಿಡಿಸಬಲ್ಲವರಾಗಿದ್ದರು, ಕಟ್ಟಲು ಆಗುತ್ತಿರಲಿಲ್ಲ. ಪ್ರತಿ ಟ್ರಾನ್ಸಿಸ್ಟರ್, ವಿದ್ಯುತ್ತನ್ನು ತಡೆಯುವ ಪ್ರತಿ ರೆಸಿಸ್ಟರ್, ಅದನ್ನು ಕೂಡಿಡುವ ಪ್ರತಿ ಕೆಪಾಸಿಟರ್ ಬೇರೆ ಬೇರೆ. ಒಂದೊಂದನ್ನೂ ಕೈಯಿಂದ ಬೆಸೆಯಬೇಕು. ಹತ್ತು ಸಾವಿರ ಬೆಸುಗೆಯಲ್ಲಿ ಒಂದು ಕೈಕೊಟ್ಟರೂ ಯಂತ್ರ ಸತ್ತಂತೆ. ಅಮೆರಿಕದ ಸೇನೆ ಇದಕ್ಕೆ "ಮೈಕ್ರೋ ಮಾಡ್ಯೂಲ್" ಎಂಬ ಉಪಾಯ ಹುಡುಕಿ ದುಡ್ಡು ಸುರಿಯುತ್ತಿತ್ತು: ಎಲ್ಲ ಬಿಡಿಭಾಗಗಳನ್ನೂ ಒಂದೇ ಅಳತೆಯ ಸಣ್ಣ ಹಲಗೆಗಳ ಮೇಲೆ ಕೂರಿಸಿ ಒಂದರ ಮೇಲೊಂದು ಜೋಡಿಸುವುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕೂಡ ಆ ಕೆಲಸದಲ್ಲಿ ಇತ್ತು. ಕಿಲ್ಬಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ. ಬಿಡಿಭಾಗಗಳ ಸಂಖ್ಯೆ ಕಡಿಮೆಯಾಗದೆ ಬರೀ ಅವುಗಳ ಆಕಾರ ಬದಲಿಸಿದರೆ ಸಮಸ್ಯೆ ಹೋಗುತ್ತದೆಯೇ?

ಜುಲೈನಲ್ಲಿ ಕಂಪನಿಗೆ ಕಂಪನಿಯೇ ಸಾಮೂಹಿಕ ರಜೆಯ ಮೇಲೆ ಹೋಗುವ ಪದ್ಧತಿ. ಹೊಸದಾಗಿ ಸೇರಿದ ಕಿಲ್ಬಿಗೆ ರಜೆ ಜಮೆಯಾಗಿರಲಿಲ್ಲ. ಖಾಲಿ ಪ್ರಯೋಗಾಲಯದಲ್ಲಿ ಒಬ್ಬರೇ ಕೂತರು. ಅದಕ್ಕೂ ಮೊದಲು ತಾವೇ ಒಂದು ಸರ್ಕ್ಯೂಟನ್ನು ಬೇರೆ ಆಕಾರದಲ್ಲಿ ಕಟ್ಟಿ ನೋಡಿ, ಖರ್ಚಿನ ಲೆಕ್ಕ ಹಾಕಿ, ಗಿಟ್ಟುವುದಿಲ್ಲ ಎಂದು ಬದಿಗಿಟ್ಟಿದ್ದರು. ರಜೆ ಮುಗಿಸಿ ಎಲ್ಲರೂ ಬಂದರೆ ತನ್ನನ್ನೂ ಮೈಕ್ರೋ ಮಾಡ್ಯೂಲಿಗೆ ಹಚ್ಚುತ್ತಾರೆ ಎಂಬ ಭಯ ಬೇರೆ.

ಅವರ ತರ್ಕ ನೋಡಿ. ಈ ಕಂಪನಿಗೆ ಅಗ್ಗವಾಗಿ, ಚೆನ್ನಾಗಿ ಮಾಡಲು ಬರುವುದು ಅರೆವಾಹಕ (ಸಿಲಿಕಾನ್, ಜರ್ಮೇನಿಯಂನಂಥ ವಸ್ತು) ಒಂದೇ. ಹಾಗಿದ್ದರೆ ಅರೆವಾಹಕದಿಂದ ಏನೇನು ಮಾಡಬಹುದು? ಟ್ರಾನ್ಸಿಸ್ಟರ್ ಆಗುತ್ತದೆ. ಅದೇ ವಸ್ತುವಿನ ಒಂದು ಪಟ್ಟಿ ರೆಸಿಸ್ಟರ್ ಆಗುತ್ತದೆ. ಎರಡು ಪದರಗಳ ಸಂಧಿ ಕೆಪಾಸಿಟರ್ ಆಗುತ್ತದೆ. ಎಲ್ಲವೂ ಆಗುವುದಾದರೆ ಬೇರೆ ಬೇರೆ ಏಕೆ ಮಾಡಬೇಕು? ಜುಲೈ 24ರಂದು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು.

ಇದು ಮೂರ್ಖತನದಂತೆ ಕಾಣುತ್ತಿತ್ತು, ಅದಕ್ಕೇ ಹೆಚ್ಚಿನವರು ಆ ಕಡೆ ಯೋಚಿಸಿರಲಿಲ್ಲ. ಕೆಲವು ಸೆಂಟಿಗೆ ಸಿಗುವ ಒಳ್ಳೆಯ ಕಾರ್ಬನ್ ರೆಸಿಸ್ಟರ್ ಬಿಟ್ಟು ದುಬಾರಿ ಸಿಲಿಕಾನ್‌ನಲ್ಲಿ ಕಳಪೆ ರೆಸಿಸ್ಟರ್ ಮಾಡುವುದು ಯಾವ ಜಾಣತನ? ಬಿಡಿಬಿಡಿಯಾಗಿ ತೂಗಿದರೆ ಪ್ರತಿಯೊಂದೂ ನಷ್ಟ, ಬೆಸುಗೆಯ ಕೂಲಿಯನ್ನೂ ಸೇರಿಸಿ ಒಟ್ಟಾಗಿ ತೂಗಿದರೆ ಲಾಭ. ಸೆಂಟ್ರಲ್ಯಾಬ್‌ನಲ್ಲಿ ಅವರು ಮಾಡುತ್ತಿದ್ದದ್ದು ಇಂಥದ್ದೇ ಕೆಲಸ: ಪಿಂಗಾಣಿ ಬಿಲ್ಲೆಯ ಮೇಲೆ ರೆಸಿಸ್ಟರ್, ಕೆಪಾಸಿಟರುಗಳನ್ನು ಪರದೆ ಅಚ್ಚಿನಿಂದ ಮುದ್ರಿಸುವುದು. ಒಟ್ಟು ಖರ್ಚನ್ನು ನೋಡುವ ಕಣ್ಣು ಅಲ್ಲಿಂದ ಬಂತು ಎಂದು ನಾನು ಹೇಳಿದ್ದು ಇದಕ್ಕೇ.

ಜಾಲಹಳ್ಳಿಯ ನಿವೃತ್ತ

ಸೆಪ್ಟೆಂಬರ್ 12ರ ಆ ತುಂಡನ್ನು ಚಿತ್ರದಲ್ಲಿ ನೋಡಿದವರಿಗೆ ನಗು ಬರುತ್ತದೆ. ಗಾಜಿನ ಪಟ್ಟಿಗೆ ಅಂಟಿಸಿದ ಜರ್ಮೇನಿಯಂ ಚೂರು, ಉದ್ದ ಸುಮಾರು 11 ಮಿಲಿಮೀಟರ್, ಅಗಲ ಒಂದೂವರೆ ಮಿಲಿಮೀಟರ್‌ಗೆ ಸ್ವಲ್ಪ ಹೆಚ್ಚು. ಮೇಲೆ ಅಡ್ಡಾದಿಡ್ಡಿ ಹಾರುವ ಚಿನ್ನದ ತಂತಿಗಳು. ನಮ್ಮ ವಿಭಾಗದಲ್ಲಿ ಯಾರಾದರೂ ಹೀಗೆ ಮಾಡಿ ತಂದಿದ್ದರೆ ಫೋರ್‌ಮನ್ ಕಸದ ಬುಟ್ಟಿಗೆ ಹಾಕಿಸುತ್ತಿದ್ದರು. ಮೇಲಧಿಕಾರಿಗಳು ಸುತ್ತ ನಿಂತಿರುವಾಗ ಕಿಲ್ಬಿ ವಿದ್ಯುತ್ ಹರಿಸಿದರು, ವಿದ್ಯುತ್ತಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಅಲೆ ಮೂಡಿತು. ಅಷ್ಟೇ ಪ್ರಾತ್ಯಕ್ಷಿಕೆ.

ಜರ್ಮೇನಿಯಂ ಜೊತೆ ಕೆಲಸ ಮಾಡಿದವರಿಗೆ ಅದರ ತಾಪತ್ರಯ ಗೊತ್ತು. ಎಸಿ 127, ಎಸಿ 128 ಟ್ರಾನ್ಸಿಸ್ಟರುಗಳ ಕಾಲ. ಬೆಸುಗೆ ಹಾಕುವಾಗ ಕಾಲನ್ನು ಇಕ್ಕಳದಿಂದ ಹಿಡಿದು ಬಿಸಿಯನ್ನು ಇಕ್ಕಳಕ್ಕೆ ಎಳೆದುಕೊಳ್ಳಬೇಕು, ಒಂದು ಕ್ಷಣ ಹೆಚ್ಚಾದರೆ ಒಳಗೆ ಸುಟ್ಟು ಹೋಯಿತು. ಹೊರಗೆ ಏನೂ ಕಾಣುವುದಿಲ್ಲ, ರೇಡಿಯೊ ಮಾತ್ರ ಮೂಕ. ಬೇಸಿಗೆಯಲ್ಲಿ ಸೋರಿಕೆ ವಿದ್ಯುತ್ ಹೆಚ್ಚಾಗಿ ದನಿ ಒಡೆಯುತ್ತಿತ್ತು. ಇಂಥ ವಸ್ತುವಿನಲ್ಲಿ ಮೊದಲ ಪ್ರಯೋಗ ಗೆದ್ದರು ಎನ್ನುವುದಕ್ಕಾದರೂ ಕಿಲ್ಬಿಗೆ ಕೈ ಮುಗಿಯಬೇಕು.

ಚಿಪ್ಪುಗಾರ

ಇಲ್ಲಿ ನೊಬೆಲ್ ಪರಿಮಳ ಜಾಸ್ತಿಯಾಗುತ್ತಿದೆ, ಸ್ವಲ್ಪ ಕಿಟಕಿ ತೆರೆಯುತ್ತೇನೆ. ಬೆಂಗಳೂರಿನಲ್ಲಿ ಚಿಪ್ ವಿನ್ಯಾಸವೇ ನನ್ನ ಅನ್ನ. ಆ ಹಾರುವ ತಂತಿಗಳೇ ಕಿಲ್ಬಿ ಚಿಪ್‌ನ ದೊಡ್ಡ ದೋಷ. ಬಿಡಿಭಾಗಗಳನ್ನು ಒಂದೇ ತುಂಡಿನಲ್ಲಿ ಮಾಡಿದರು, ಸರಿ. ಅವುಗಳನ್ನು ಜೋಡಿಸಲು ಮತ್ತೆ ಕೈಯಿಂದ ತಂತಿ ಬೆಸೆಯಬೇಕಾಯಿತು. ಯಾವ ರೋಗಕ್ಕೆ ಮದ್ದು ಹುಡುಕಿದ್ದರೋ ಅದೇ ರೋಗ ಉಳಿಯಿತು. ಹೀಗೆ ಕೋಟ್ಯಂತರ ಚಿಪ್ ಮಾಡಲು ಸಾಧ್ಯವೇ ಇಲ್ಲ.

ಅದನ್ನು ಬಗೆಹರಿಸಿದ್ದು ಕ್ಯಾಲಿಫೋರ್ನಿಯಾದ ಫೇರ್‌ಚೈಲ್ಡ್ ಕಂಪನಿಯ ರಾಬರ್ಟ್ ನಾಯ್ಸ್, 1959ರಲ್ಲಿ. ಅವರ ಸಹೋದ್ಯೋಗಿ ಜಾನ್ ಹೋರ್ನಿ ಸಿಲಿಕಾನ್ ಮೇಲೆ ಆಕ್ಸೈಡ್ ಪದರವನ್ನು ರಕ್ಷಾಕವಚವಾಗಿ ಉಳಿಸಿಕೊಳ್ಳುವ ಪ್ಲೇನಾರ್ ವಿಧಾನವನ್ನು ರೂಪಿಸಿದ್ದರು. ಆ ಪದರದ ಮೇಲೆಯೇ ಲೋಹದ ಗೆರೆಗಳನ್ನು ಎಳೆದರೆ ತಂತಿಯ ಅಗತ್ಯವೇ ಇಲ್ಲ ಎಂದು ನಾಯ್ಸ್ ಕಂಡುಕೊಂಡರು. ಇಂದಿಗೂ ನಾವು ಮಾಡುತ್ತಿರುವುದು ಆ ದಾರಿಯ ಮುಂದುವರಿಕೆ.

ಪೇಟೆಂಟ್ ಜಗಳವೂ ಇದೇ ತಂತಿಗಳ ಮೇಲೆ ನಡೆಯಿತು. ಕಿಲ್ಬಿ ಅರ್ಜಿ ಹಾಕಿದ್ದು 1959ರ ಫೆಬ್ರವರಿ, ನಾಯ್ಸ್ ಜುಲೈ. ಆದರೆ ಪೇಟೆಂಟ್ ಮೊದಲು ಸಿಕ್ಕಿದ್ದು ನಾಯ್ಸ್‌ಗೆ, 1961ರಲ್ಲಿ, ಕಿಲ್ಬಿಗೆ 1964ರಲ್ಲಿ. ವರ್ಷಗಟ್ಟಲೆ ವಕೀಲರು ದುಡಿದರು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ ಜೋಡಣೆಯ ವಿಷಯದಲ್ಲಿ ನಾಯ್ಸ್ ಪರ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಎರಡೂ ಕಂಪನಿಗಳು ತಮ್ಮ ತಮ್ಮ ಹಕ್ಕುಗಳನ್ನು ಪರಸ್ಪರ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದಾಗಿತ್ತು. ವಕೀಲರಿಗೆ ಬಿಟ್ಟರೆ ಉಳಿದವರಿಗೆ ಆ ತೀರ್ಪಿನಿಂದ ಆದದ್ದು ಅಷ್ಟಕ್ಕಷ್ಟೇ.

ಇನ್ನು ಬೆಸುಗೆಕಡ್ಡಿಯವರ ವಾದಕ್ಕೆ ಒಂದು ತೊಡಕು ಕೊಡುತ್ತೇನೆ. ನಾಯ್ಸ್ ಪಿಎಚ್‌ಡಿ ಮಾಡಿದ್ದು ಎಲ್ಲಿ ಗೊತ್ತೇ? ಎಂಐಟಿಯಲ್ಲಿ, 1953ರಲ್ಲಿ. ಎಂಐಟಿ ಸೇರಲಾಗದವರೂ ಎಂಐಟಿಯಲ್ಲೇ ಓದಿದವರೂ ಆರು ತಿಂಗಳ ಅಂತರದಲ್ಲಿ ಒಂದೇ ಜಾಗಕ್ಕೆ ಬಂದು ಮುಟ್ಟಿದರು.

ಬೆಸುಗೆಕಡ್ಡಿ

ಚಿಪ್ಪುಗಾರರೇ, ತೊಡಕು ಕೊಟ್ಟೆ ಎಂದುಕೊಂಡು ನನ್ನ ಕೈಗೇ ಬೆಣ್ಣೆ ಕೊಟ್ಟಿದ್ದೀರಿ. ನಾಯ್ಸ್ ಯಾರು? ಅಯೋವಾ ರಾಜ್ಯದ ಗ್ರಿನೆಲ್ ಎಂಬ ಸಣ್ಣ ಊರಿನ ಪಾದ್ರಿಯ ಮಗ, ಅದೇ ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಓದಿದವರು. ಎಂಐಟಿ ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಸಿಗಲಿಲ್ಲ; ಊರ ಶಾಲೆ ಇಬ್ಬರಿಗೂ ಸಿಕ್ಕಿತ್ತು.

ತಂತಿಯ ದೋಷ ಒಪ್ಪಿದೆ. ಆ ಮಾತನ್ನು ಕಿಲ್ಬಿ ತಾವೇ ಒಪ್ಪಿಕೊಂಡಿದ್ದರು. ನೊಬೆಲ್ ಬಂದಾಗ, 1990ರಲ್ಲಿ ತೀರಿಕೊಂಡಿದ್ದ ನಾಯ್ಸ್ ಬದುಕಿದ್ದರೆ ಬಹುಮಾನವನ್ನು ಹಂಚಿಕೊಳ್ಳುತ್ತಿದ್ದೆವು ಎಂಬ ಅರ್ಥದ ಮಾತನ್ನು ಹೇಳಿದರು. ತಮ್ಮ ಪಾಲಿನ ಬಗ್ಗೆ ಅವರು ಹೇಳುತ್ತಿದ್ದ ಒಂದು ತಮಾಷೆಯೂ ಇದೆ, ಭೌತವಿಜ್ಞಾನಿ ಚಾರ್ಲ್ಸ್ ಟೌನ್ಸ್ ಅವರಿಂದ ಎರವಲು ಪಡೆದದ್ದು. ಹೊಳೆಗೆ ಕಟ್ಟೆ ಕಟ್ಟುವ ಬೀವರ್ ಎಂಬ ಪ್ರಾಣಿ, ಒಂದು ಮೊಲದ ಜೊತೆ ಹೂವರ್ ಅಣೆಕಟ್ಟೆಯ ಕೆಳಗೆ ನಿಂತು ಹೇಳಿತಂತೆ: ಇದನ್ನು ನಾನು ಕಟ್ಟಿದ್ದಲ್ಲ, ಆದರೆ ನನ್ನದೊಂದು ಕಲ್ಪನೆಯ ಆಧಾರದ ಮೇಲೆ ಕಟ್ಟಿದ್ದಾರೆ.

ಕೊಪ್ಪದ ಕಡೆಯವನು

ಯಾರೂ ಹೇಳದ ಒಂದು ವಿಷಯ. ಯುದ್ಧದ ಕಾಲದಲ್ಲಿ ಕಿಲ್ಬಿ ಇದ್ದದ್ದು ನಮ್ಮ ದೇಶದಲ್ಲಿ! ಈಶಾನ್ಯ ಭಾರತದ ಒಂದು ಚಹಾ ತೋಟದಲ್ಲಿ ಅಮೆರಿಕದ ಸೇನೆಯ ರೇಡಿಯೊ ದುರಸ್ತಿ ಕೇಂದ್ರ ಇತ್ತು, ಅಲ್ಲಿ ಕೆಲಸ. ಬರ್ಮಾದ ಕಾಡಿನಲ್ಲಿ ಜಪಾನಿಯರ ವಿರುದ್ಧ ಹೋರಾಡುವವರಿಗೆ ಸೇನೆ ಕೊಟ್ಟ ರೇಡಿಯೊಗಳು ಹೊರಲಾರದಷ್ಟು ಭಾರ. ಕಿಲ್ಬಿ ಮತ್ತು ಜೊತೆಗಾರರು ಕಲ್ಕತ್ತೆಯ ಕಾಳಸಂತೆಯಲ್ಲಿ ಬಿಡಿಭಾಗ ಕೊಂಡು ತಂದು ಹಗುರವಾದವನ್ನು ತಾವೇ ಕಟ್ಟಿಕೊಟ್ಟರಂತೆ. ಮಳೆ, ಜಿಗಣೆ, ಬೂಷ್ಟು ಹಿಡಿಯುವ ತಂತಿಗಳ ನಡುವೆ ರೇಡಿಯೊ ಬಿಚ್ಚಿ ಕೂತ ಹುಡುಗನನ್ನು ನೆನೆದರೆ ಮಲೆನಾಡಿನವನಾದ ನನಗೆ ಆತ ಪಕ್ಕದ ತೋಟದವನೇ ಅನ್ನಿಸುತ್ತದೆ. ಜೂನ್ ತಿಂಗಳಲ್ಲಿ ನಮ್ಮ ಮನೆಯ ರೇಡಿಯೊದೊಳಗೂ ಬೂಷ್ಟು ಬರುತ್ತಿತ್ತು.

ಬೆಸುಗೆಕಡ್ಡಿಯವರು ಸೆಂಟ್ರಲ್ಯಾಬ್ ಎನ್ನುತ್ತಾರೆ. ನಾನಾದರೆ ಈ ತೋಟದ ಹೆಸರನ್ನೂ ಸೇರಿಸುತ್ತೇನೆ. ಸಣ್ಣದಾಗಬೇಕು, ಹಗುರವಾಗಬೇಕು ಎಂಬ ಯೋಚನೆ ಅಲ್ಲಿಯೇ ತಲೆಯೊಳಗೆ ಹೊಕ್ಕಿರಬೇಕು. ಇದು ನನ್ನ ಊಹೆ, ಅಷ್ಟೆ.

ನೇರಮಾತು

ಚಹಾ ತೋಟದ ಕಥೆಗೆ ಧನ್ಯವಾದ. ಆದರೆ ಕೈಗಾರಿಕೆಯನ್ನು ಹೀಗೆ ಹೊಗಳುತ್ತಾ ಹೋದರೆ ಒಂದು ಮಾತು ಮರೆಯುತ್ತೀರಿ: ಮೊದಲ ಗಿರಾಕಿ ಯಾರು? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1960ರಲ್ಲಿ ಮಾರಾಟಕ್ಕೆ ಇಟ್ಟ ಚಿಪ್‌ನ ಬೆಲೆ 450 ಡಾಲರ್. ಒಂದು ಬಿಟ್ ಮಾತ್ರ ನೆನಪಿಡುವ ಫ್ಲಿಪ್ ಫ್ಲಾಪ್‌ಗೆ! ಜನಸಾಮಾನ್ಯರು ಕೊಳ್ಳುವ ಸರಕೇ ಅದು? ಕೊಂಡದ್ದು ವಾಯುಪಡೆ, ಮಿನಿಟ್‌ಮ್ಯಾನ್ ಕ್ಷಿಪಣಿಗೆ. ಫೇರ್‌ಚೈಲ್ಡ್ ಚಿಪ್‌ಗಳು ಅಪೊಲೊ ನೌಕೆಯ ಕಂಪ್ಯೂಟರಿಗೆ ಹೋದವು. ಓದಿಸಿದ್ದೂ ಸಾರ್ವಜನಿಕ ದುಡ್ಡು, ಸರಕು ಕೊಂಡದ್ದೂ ಸಾರ್ವಜನಿಕ ದುಡ್ಡು. ಲಾಭ ಮಾತ್ರ ಕಂಪನಿಯದು. "ಪ್ರತಿಭೆ ಮತ್ತು ಖಾಸಗಿ ಉದ್ಯಮದ ವಿಜಯ" ಎಂದು ಯಾರಾದರೂ ಬರೆದರೆ ನನ್ನ ಮೈ ಉರಿಯುತ್ತದೆ.

ಡಲ್ಲಾಸ್ ಕನ್ನಡತಿ

ಈ ಬಾರಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಯುದ್ಧದಿಂದ ಮರಳಿದ ಸೈನಿಕರ ಓದಿನ ಖರ್ಚನ್ನು ಸರ್ಕಾರ ಹೊತ್ತ 1944ರ ಕಾನೂನನ್ನೂ ಸೇರಿಸಿ. ಆ ನೆರವಿನಲ್ಲಿ ಸುಮಾರು 22 ಲಕ್ಷ ಮಂದಿ ಕಾಲೇಜು ಮೆಟ್ಟಿಲು ಹತ್ತಿದರು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನಂಥ ಕಂಪನಿಗಳಿಗೆ ಎಂಜಿನಿಯರುಗಳು ಆಕಾಶದಿಂದ ಉದುರಲಿಲ್ಲ.

ಚಿಪ್ಪುಗಾರ

ಸರ್ಕಾರ ಮೊದಲ ಗಿರಾಕಿ ನಿಜ, ಆದರೆ ಅಲ್ಲಿಯೇ ನಿಂತಿದ್ದರೆ ಚಿಪ್ ಇಂದಿಗೂ ಕ್ಷಿಪಣಿಯೊಳಗೇ ಇರುತ್ತಿತ್ತು. ಕಂಪನಿಯ ಮುಖ್ಯಸ್ಥ ಪ್ಯಾಟ್ ಹ್ಯಾಗರ್ಟಿ ವ್ಯಾಪಾರದ ಮನುಷ್ಯ. 1954ರಲ್ಲಿ ಟ್ರಾನ್ಸಿಸ್ಟರನ್ನು ಮನೆಮಾತು ಮಾಡಲು ಜೇಬಿನ ರೇಡಿಯೊ ಹೊರತರಿಸಿದ್ದವರು, 49 ಡಾಲರ್ 95 ಸೆಂಟಿಗೆ. ಅದೇ ಉಪಾಯವನ್ನು ಚಿಪ್‌ಗೂ ಮಾಡಬೇಕೆಂದು 1965ರಲ್ಲಿ ಕಿಲ್ಬಿಗೆ ಹೇಳಿದರು: ಅಂಗೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್ ಮಾಡು. ಆಗ ಕ್ಯಾಲ್ಕುಲೇಟರ್ ಎಂದರೆ ಮೇಜನ್ನು ತುಂಬುವ ಯಂತ್ರ. ಕಿಲ್ಬಿ, ಜೆರ್ರಿ ಮೆರ್ರಿಮನ್, ಜೇಮ್ಸ್ ವ್ಯಾನ್ ಟ್ಯಾಸೆಲ್ ಸೇರಿ 1967ರಲ್ಲಿ ಮಾದರಿ ಸಿದ್ಧಪಡಿಸಿದರು. ತೂಕ ಸುಮಾರು 1.3 ಕಿಲೋ, ಪರದೆಯೇ ಇಲ್ಲ, ಉತ್ತರವನ್ನು ಕಾಗದದ ಪಟ್ಟಿಯ ಮೇಲೆ ಬಿಸಿಯಿಂದ ಮುದ್ರಿಸುತ್ತಿತ್ತು. ಇಂದು ಬಸ್ ಕಂಡಕ್ಟರ್ ಯಂತ್ರದಿಂದ ಹರಿದು ಕೊಡುವ ಟಿಕೆಟ್ ಅದೇ ಬಗೆಯ ಬಿಸಿ ಮುದ್ರಣ. ಅದನ್ನು ರೂಪಿಸಿದವರಲ್ಲೂ ಕಿಲ್ಬಿ ಇದ್ದರು. ಒಟ್ಟು 60ಕ್ಕೂ ಹೆಚ್ಚು ಪೇಟೆಂಟುಗಳು.

ಎಲ್ಲವೂ ಗೆದ್ದವು ಎಂದುಕೊಳ್ಳಬೇಡಿ. 1970ರಲ್ಲಿ ಕಂಪನಿಯಿಂದ ರಜೆ ಪಡೆದು ಸ್ವತಂತ್ರವಾಗಿ ಕೆಲಸ ಮಾಡಿದರು. ಸಿಲಿಕಾನ್ ಗುಂಡುಗಳಿಂದ ಸೌರಶಕ್ತಿ ಹಿಡಿಯುವ ಯೋಜನೆಗೆ ವರ್ಷಗಳನ್ನು ಸುರಿದರು, ಅದು ಮಾರುಕಟ್ಟೆಯ ಮುಖ ನೋಡಲಿಲ್ಲ. 1978ರಿಂದ 1984ರವರೆಗೆ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಅದೂ ರಾಜ್ಯ ಸರ್ಕಾರದ ವಿಶ್ವವಿದ್ಯಾಲಯವೇ, ನೇರಮಾತು ಅವರ ಸಮಾಧಾನಕ್ಕೆ ಹೇಳುತ್ತಿದ್ದೇನೆ.

ನನ್ನ ಅನ್ನದ ಋಣವೂ ಅದೇ ಕಂಪನಿಗೆ ಒಂದಿಷ್ಟು ಸಲ್ಲಬೇಕು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದು, ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ಕೆಲಸವನ್ನು ಅಮೆರಿಕಕ್ಕೆ ಕಳುಹಿಸತೊಡಗಿತು. ಇಲ್ಲಿ ಚಿಪ್ ವಿನ್ಯಾಸ ಕಲಿತ ಮೊದಲ ತಲೆಮಾರಿನ ಅನೇಕರು ಅಲ್ಲಿಂದ ಹೊರಬಂದವರು.

ವಿಜ್ಞಾನ ಟೀಚರ್

ಎಲ್ಲರ ಮಾತನ್ನೂ ಓದಿದೆ. ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನಿಮ್ಮ ವಾದಗಳಲ್ಲಿ ಒಂದು ವಿಷಯ ನನಗೆ ಸಿಕ್ಕಿಕೊಂಡಿದೆ, ಹಿಮಪಾತದ ದಿನ. ಆ ಹುಡುಗ ರೇಡಿಯೊ ಕಲಿತದ್ದು ತರಗತಿಯಲ್ಲಲ್ಲ. ಊರಿಗೆ ಒಂದು ತೊಂದರೆ ಬಂತು, ಅದಕ್ಕೆ ರೇಡಿಯೊ ಉಪಯೋಗಕ್ಕೆ ಬಂತು, ಅದನ್ನು ಕಣ್ಣಾರೆ ಕಂಡ. ನಮ್ಮ ಮಕ್ಕಳು ಓಮನ ನಿಯಮವನ್ನು ಮೂರು ಬಗೆಯಲ್ಲಿ ಬರೆಯುತ್ತಾರೆ, ಒಂದು ಬಲ್ಬು ಏಕೆ ಉರಿಯುತ್ತಿಲ್ಲ ಎಂದು ನೋಡಲು ಹೆದರುತ್ತಾರೆ. ಪ್ರಯೋಗದ ಪೆಟ್ಟಿಗೆ ಬೀರುವಿನಲ್ಲಿದೆ. ಒಡೆದರೆ ಲೆಕ್ಕ ಕೊಡಬೇಕು, ಆದ್ದರಿಂದ ಬೀಗ. ಲೆಕ್ಕ ತನಿಖೆಗೆ ಬಂದವರು ಮೀಟರುಗಳನ್ನು ಎಣಿಸುತ್ತಾರೆ. ಅವುಗಳ ಮುಳ್ಳು ಅಲುಗುತ್ತದೆಯೇ ಎಂದು ಯಾರೂ ಕೇಳಿದ್ದಿಲ್ಲ.

ಮಕ್ಕಳಲ್ಲಿ ಆಸಕ್ತಿ ಇಲ್ಲ ಎಂದು ಹೇಳಬೇಡಿ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೆಟ್ಟ ಎಲ್‌ಇಡಿ ಬಲ್ಬುಗಳನ್ನು ಬಿಚ್ಚಿ, ಒಳಗಿನ ಹಲಗೆಯಲ್ಲಿ ಸುಟ್ಟು ಕಪ್ಪಾದ ಒಂದೇ ಒಂದು ಚುಕ್ಕಿಯನ್ನು ಗುರುತಿಸಿ, ಅದನ್ನು ಬೆಸೆದು ದಾಟಿಸಿ ಮತ್ತೆ ಉರಿಸುತ್ತಾಳೆ. ಅವಳ ಅಣ್ಣ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಅಲ್ಲಿ ಕಲಿತದ್ದು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಅವಳಿಗೆ ಬಂದ ಅಂಕ ನಾನು ಇಲ್ಲಿ ಬರೆಯುವುದಿಲ್ಲ. ಅವಳಿಗೆ ಏನು ಕೊಡಲಿ ಹೇಳಿ.

ನೇರಮಾತು

ಮೇಡಂ, ನಾನು ಇಷ್ಟು ಹೊತ್ತು ಕೂಗಿದ್ದು ಇದನ್ನೇ. ಹಳ್ಳಿಯ ಪ್ರತಿಭೆ, ಕೆಸರಿನ ಕಮಲ ಎಂದು ಹಾಡುತ್ತಾರೆ, ಬೀರುವಿನ ಬೀಗ ಮಾತ್ರ ತೆಗೆಯುವುದಿಲ್ಲ.

ಜಾಲಹಳ್ಳಿಯ ನಿವೃತ್ತ

ಟೀಚರಮ್ಮ, ಹ್ಯಾಮ್ ರೇಡಿಯೊ, ಅಂದರೆ ಕಿಲ್ಬಿ ಕಲಿತ ಆ ಹವ್ಯಾಸಿ ರೇಡಿಯೊ ಕಲಿಸಿ. ನಮ್ಮ ದೇಶದಲ್ಲಿ 12 ವರ್ಷ ತುಂಬಿದವರು ಪರವಾನಗಿ ಪರೀಕ್ಷೆ ಬರೆಯಬಹುದು. ಕೆಳದರ್ಜೆಯ ಪರವಾನಗಿಗೆ ಮೋರ್ಸ್ ಸಂಕೇತದ ಪರೀಕ್ಷೆ ಇಲ್ಲ. ಮೂಲ ವಿದ್ಯುತ್ ವಿಜ್ಞಾನ, ರೇಡಿಯೊ ನಿಯಮಗಳು ಗೊತ್ತಿದ್ದರೆ ಸಾಕು. ಬೆಂಗಳೂರಿನಲ್ಲಿ ಹಳೆಯ ಹ್ಯಾಮ್ ಕ್ಲಬ್ಬುಗಳಿವೆ. ಶಾಲೆಯಿಂದ ಒಂದು ಪತ್ರ ಹೋದರೆ ಬಂದು ತೋರಿಸಿ ಹೋಗುವವರು ಸಿಗುತ್ತಾರೆ. ಪ್ರವಾಹ, ಚಂಡಮಾರುತದ ಸಮಯದಲ್ಲಿ ಮೊಬೈಲ್ ಗೋಪುರಗಳು ಮಲಗಿದಾಗ ಸುದ್ದಿ ಮುಟ್ಟಿಸಿದವರು ಇವರೇ.

ಹಿಂದಿನ ಬೆಂಚು

ಇನ್ನೊಂದು ಯೋಚನೆ. ಕಿಲ್ಬಿ ಅಂದು ತೋರಿಸಿದ್ದು ಫೇಸ್ ಶಿಫ್ಟ್ ಆಸಿಲೇಟರ್ ಎಂಬ ಅಲೆ ಹುಟ್ಟಿಸುವ ಸರ್ಕ್ಯೂಟ್ ಅಲ್ಲವೇ? ಅದು ನಮ್ಮ ನಾಲ್ಕನೇ ಸೆಮಿಸ್ಟರ್ ಪ್ರಯೋಗ. ಅದನ್ನೇ ಮಕ್ಕಳು ಬ್ರೆಡ್‌ಬೋರ್ಡ್ ಮೇಲೆ, ಅಂದರೆ ಬೆಸುಗೆಯಿಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಹಲಗೆಯ ಮೇಲೆ ಮಾಡಬಹುದು. ಒಂದು ಬಿಸಿ 547 ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಕೆಪಾಸಿಟರ್, ಒಂದು 9 ವೋಲ್ಟ್ ಬ್ಯಾಟರಿ. ಆಸಿಲೋಸ್ಕೋಪ್ ಇಲ್ಲದಿದ್ದರೂ ಇಯರ್‌ಫೋನಿನಲ್ಲಿ ಕೇಳಿಸುತ್ತದೆ.

ವಿಜ್ಞಾನ ಟೀಚರ್

ಬೆಲೆಗಳು ಎಷ್ಟು? ಯಾವ ಅಳತೆಯವು ಬೇಕು ಎಂದು ಸರಿಯಾಗಿ ಬರೆಯಿರಿ, ಶನಿವಾರ ತಾಲ್ಲೂಕಿಗೆ ಹೋಗುವವಳಿದ್ದೇನೆ.

ಬೆಸುಗೆಕಡ್ಡಿ

10 ಕಿಲೋಓಮ್ ರೆಸಿಸ್ಟರ್ ಮೂರು, 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂರು. ದನಿ 600 ಹರ್ಟ್ಸ್ ಆಸುಪಾಸಿನಲ್ಲಿ ಬರುತ್ತದೆ. ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿಗೆ 4.7 ಕಿಲೋಓಮ್ ಒಂದು. ಉಳಿದ ಬಯಾಸ್ ರೆಸಿಸ್ಟರುಗಳ ಚಿತ್ರವನ್ನು ಇಂದು ಸಂಜೆ ಬಿಡಿಸಿ ಹಾಕುತ್ತೇನೆ. ಬ್ಯಾಟರಿ, ಬ್ರೆಡ್‌ಬೋರ್ಡ್ ಬಿಟ್ಟು ಬಿಡಿಭಾಗಗಳಿಗೆ ಐವತ್ತು ರೂಪಾಯಿ ದಾಟಬಾರದು, ದಾಟಿದರೆ ಅಂಗಡಿಯವನೊಂದಿಗೆ ಜಗಳವಾಡಿ. ಟ್ರಾನ್ಸಿಸ್ಟರ್ ಮಾತ್ರ ಒಂದರ ಬದಲು ಹತ್ತು ತನ್ನಿ. ಮೊದಲ ದಿನವೇ ನಾಲ್ಕೈದನ್ನು ಮಕ್ಕಳು ತಲೆಕೆಳಗಾಗಿ ಚುಚ್ಚುತ್ತಾರೆ. ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಡಿ.

ಚಿಪ್ಪುಗಾರ

ಬಿಸಿ 547ರ ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದರೆ, ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಇದನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ, ನಾಲ್ಕೈದರ ಬದಲು ಎರಡು ಸುಡಬಹುದು.